ಜಾವಾದಲ್ಲಿ ಲೂಪ್ ಮತ್ತು ಫೈಲ್ ಓದುವುದು: ಹೊಸಬರು ಪದೇ ಪದೇ ಕೇಳುವ ಪ್ರಶ್ನೆಗಳು

ಇಫ್, ಎಲ್ಸ್ ತನಕ ಜಾವಾ ಸಲೀಸಾಗಿ ಸಾಗುತ್ತದೆ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಲೂಪ್ ಬಂದಾಗ ಸ್ವಲ್ಪ ತಡವರಿಕೆ ಶುರುವಾಗುತ್ತದೆ. ಫೈಲ್ ಓದುವ ಅಸೈನ್‌ಮೆಂಟ್ ಬಂತು ಅಂದರೆ ಎರಡೂ ಒಟ್ಟಿಗೆ ಕೈಕೊಡುತ್ತವೆ. ಆಗ ಏಳುವ ಪ್ರಶ್ನೆಗಳು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಅವನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಎಲ್ಲ ಉತ್ತರಗಳಿಗೂ ಒಂದೇ ಫೈಲ್ ಇಟ್ಟುಕೊಳ್ಳೋಣ. ಅದರ ಹೆಸರು ಮಾರ್ಕ್ಸ್.ಟಿಎಕ್ಸ್‌ಟಿ. ಪ್ರತಿ ಸಾಲಿನಲ್ಲಿ ಒಂದು ಹೆಸರು, ಒಂದು ಸ್ಪೇಸ್, ಒಂದು ಅಂಕ:

ರಮ್ಯ 78
ಇರ್ಫಾನ್ 64
ಸುಮಾ 91

ಕೋಡ್ ಸಾಲುಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಎಡಿಟರ್‌ನಲ್ಲಿ ಫಾರ್, ವೈಲ್, ಸ್ಕ್ಯಾನರ್ ಇವನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ಆದರೆ ಒಟ್ಟು, ಸಾಲು, ಓದುಗ ಅಂತ ನಾನು ಇಟ್ಟಿರುವ ವೇರಿಯೆಬಲ್ ಹೆಸರುಗಳನ್ನು ನೀವು ನಿಜವಾಗಿಯೂ ಕನ್ನಡದಲ್ಲಿ ಇಡಬಹುದು. ಜಾವಾ ಮೊದಲಿನಿಂದಲೂ ಯೂನಿಕೋಡ್ ಅಕ್ಷರಗಳ ಹೆಸರನ್ನು ಒಪ್ಪುತ್ತದೆ.

ಫಾರ್, ವೈಲ್, ಡು-ವೈಲ್: ಯಾವಾಗ ಯಾವುದು?

ಎಷ್ಟು ಸಲ ತಿರುಗಬೇಕು ಅಂತ ಮೊದಲೇ ಗೊತ್ತಿದ್ದರೆ ಫಾರ್. ಗೊತ್ತಿಲ್ಲದಿದ್ದರೆ ವೈಲ್. ಹತ್ತರ ಮಗ್ಗಿ ಬರೆಯಲು ಫಾರ್ ಸಾಕು. ಫೈಲ್‌ನಲ್ಲಿ ಎಷ್ಟು ಸಾಲು ಇದೆ ಅಂತ ತೆರೆಯುವ ಮೊದಲು ಪ್ರೋಗ್ರಾಂಗೆ ಗೊತ್ತಿರುವುದಿಲ್ಲ, ಅಲ್ವಾ? ಹಾಗಾಗಿ ಫೈಲ್ ಓದುವಲ್ಲಿ ವೈಲ್ ಜಾಸ್ತಿ ಕಾಣುತ್ತದೆ. ಡು-ವೈಲ್ ಒಂದು ಸಲವಾದರೂ ಓಡಲೇಬೇಕಾದ ಕೆಲಸಕ್ಕೆ: ಮೆನು ತೋರಿಸಿ ಆಯ್ಕೆ ಕೇಳುವಂಥದ್ದು.

ಅರೇ ಅಥವಾ ಲಿಸ್ಟ್‌ನ ಎಲ್ಲವನ್ನೂ ಒಂದೊಂದಾಗಿ ನೋಡಬೇಕಿದ್ದರೆ ಫಾರ್-ಈಚ್ ಒಳ್ಳೆಯದು. ಅದು 2004ರ ಜಾವಾ 5ರಲ್ಲಿ ಬಂತು. ಇಂಡೆಕ್ಸ್ ಬೇಕಿಲ್ಲ ಅಂದರೆ ಅದನ್ನೇ ಬಳಸಿ, ಮುಂದಿನ ಪ್ರಶ್ನೆಯ ತಾಪತ್ರಯವೇ ಇರುವುದಿಲ್ಲ.

ಲೂಪ್ ಒಂದು ಸಲ ಜಾಸ್ತಿ ತಿರುಗಿ ಎರರ್ ಕೊಡುತ್ತದೆ. ಯಾಕೆ?

ಅರೇಯಲ್ಲಿ 5 ಅಂಕ ಇದ್ದರೆ ಅವುಗಳ ಜಾಗ 0, 1, 2, 3, 4. ಜಾಗ 5 ಅನ್ನುವುದು ಇಲ್ಲವೇ ಇಲ್ಲ. ಕಂಡಿಷನ್‌ನಲ್ಲಿ "ಐ <= ಲೆಂತ್" ಅಂತ ಬರೆದರೆ ಲೂಪ್ ಆ ಇಲ್ಲದ ಜಾಗಕ್ಕೂ ಹೋಗುತ್ತದೆ. ಆಗ "ಇಂಡೆಕ್ಸ್ 5 ಔಟ್ ಆಫ್ ಬೌಂಡ್ಸ್ ಫಾರ್ ಲೆಂತ್ 5" ಅಂತ ಸಂದೇಶ ಬರುತ್ತದೆ. ಸೊನ್ನೆಯಿಂದ ಶುರು ಮಾಡಿದರೆ "<" ಬಳಸಿ. ಈ ಜೋಡಿಯನ್ನು ಅಭ್ಯಾಸ ಮಾಡಿಕೊಂಡರೆ ಸಾಕು.

ಪ್ರೋಗ್ರಾಂ ನಿಲ್ಲುತ್ತಲೇ ಇಲ್ಲ. ಏನಾಗಿದೆ?

ಮೊದಲು ಕಂಟ್ರೋಲ್ ಮತ್ತು ಸಿ ಒತ್ತಿ ನಿಲ್ಲಿಸಿ. ಆಮೇಲೆ ಈ ಕೋಡ್ ನೋಡಿ:

ವೈಲ್ (ಓದುಗ.ಹ್ಯಾಸ್‌ನೆಕ್ಸ್ಟ್‌ಲೈನ್()) {
    ಎಣಿಕೆ++;
}

ಸಾಲು ಎಣಿಸಲು ಬರೆದದ್ದು. ಇಲ್ಲಿ ಓದುಗ ಅಂದರೆ ಒಂದು ಸ್ಕ್ಯಾನರ್, ಫೈಲನ್ನು ಓದಿಕೊಡುವ ಜಾವಾ ಸಾಧನ. ಓದಿದರೆ ಸರಿಯಾಗಿಯೇ ಕಾಣುತ್ತದೆ. ಆದರೆ ಇದು ಯಾವತ್ತೂ ಮುಗಿಯುವುದಿಲ್ಲ. ಹ್ಯಾಸ್‌ನೆಕ್ಸ್ಟ್‌ಲೈನ್ ಬರೀ ಕೇಳುತ್ತದೆ: ಮುಂದೆ ಸಾಲು ಇದೆಯಾ? ಅದು ಮುಂದೆ ಹೋಗುವುದಿಲ್ಲ. ಮುಂದೆ ಹೋಗುವುದು ನೆಕ್ಸ್ಟ್‌ಲೈನ್. ಪುಟದ ಮೇಲೆ ಬೆರಳಿಟ್ಟು ಓದುವ ಮಗುವಿನ ಹಾಗೆ ಸ್ಕ್ಯಾನರ್ ಕೂಡ ಫೈಲ್‌ನಲ್ಲಿ ತಾನು ಎಲ್ಲಿದ್ದೇನೆ ಅಂತ ಗುರುತು ಇಟ್ಟುಕೊಂಡಿರುತ್ತದೆ. ಮೇಲಿನ ಲೂಪ್‌ನಲ್ಲಿ ಆ ಗುರುತನ್ನು ಯಾರೂ ಸರಿಸುತ್ತಿಲ್ಲ. ಮೊದಲ ಸಾಲು ಯಾವಾಗಲೂ ಮುಂದೆಯೇ ಇರುತ್ತದೆ, ಉತ್ತರ ಯಾವಾಗಲೂ "ಹೌದು".

ಫೈಲ್ ಓದುವ ಯಾವ ಲೂಪ್ ಬರೆದರೂ ಎರಡು ಪ್ರಶ್ನೆ ಹಾಕಿಕೊಳ್ಳಿ. ಇಲ್ಲಿ ಕೇಳುವವರು ಯಾರು? ಸರಿಸುವವರು ಯಾರು? ಒಂದು ಸುತ್ತಿಗೆ ಒಂದು ಸಲ ಕೇಳಬೇಕು, ಒಂದು ಸಲ ಸರಿಸಬೇಕು. ಈ ಪುಟದ ಅರ್ಧದಷ್ಟು ತೊಂದರೆಗಳು ಈ ಲೆಕ್ಕ ತಪ್ಪಿದ್ದರಿಂದಲೇ ಬರುತ್ತವೆ. ಸರಿಯಾದ ರೂಪ ಹೀಗಿರುತ್ತದೆ:

ಸ್ಕ್ಯಾನರ್ ಓದುಗ = ನ್ಯೂ ಸ್ಕ್ಯಾನರ್(ನ್ಯೂ ಫೈಲ್("ಮಾರ್ಕ್ಸ್.ಟಿಎಕ್ಸ್‌ಟಿ"));
ವೈಲ್ (ಓದುಗ.ಹ್ಯಾಸ್‌ನೆಕ್ಸ್ಟ್‌ಲೈನ್()) {
    ಸ್ಟ್ರಿಂಗ್ ಸಾಲು = ಓದುಗ.ನೆಕ್ಸ್ಟ್‌ಲೈನ್();
    ಎಣಿಕೆ++;
}

ಇನ್ನೊಂದು ಕಾರಣ ಕಣ್ಣಿಗೇ ಬೀಳುವುದಿಲ್ಲ: ವೈಲ್ ಕಂಡಿಷನ್ ಮುಗಿದ ಕೂಡಲೇ ಒಂದು ಸೆಮಿಕೋಲನ್. ಆಗ ಆ ಸೆಮಿಕೋಲನ್ನೇ ಲೂಪ್‌ನ ಮೈ. ಕೆಳಗಿನ ಕರ್ಲಿ ಬ್ರಾಕೆಟ್‌ಗೂ ಲೂಪ್‌ಗೂ ಸಂಬಂಧವೇ ಇರುವುದಿಲ್ಲ. ಕಂಪೈಲರ್ ಸಾಮಾನ್ಯವಾಗಿ ಸುಮ್ನೆ ಒಪ್ಪಿಕೊಳ್ಳುತ್ತದೆ. ಫಾರ್ ಮುಂದೆ ಇದೇ ಸೆಮಿಕೋಲನ್ ಬಿದ್ದರೆ ಲೂಪ್ ಖಾಲಿ ತಿರುಗಿ ಮುಗಿಯುತ್ತದೆ, ಬ್ರಾಕೆಟ್ ಒಳಗಿನದು ಒಂದೇ ಸಲ ಓಡುತ್ತದೆ.

ಒಂದು ಸಾಲು ಬಿಟ್ಟು ಒಂದು ಸಾಲು ಪ್ರಿಂಟ್ ಆಗುತ್ತಿದೆ.

ಇದು ಮೇಲಿನದರ ತದ್ವಿರುದ್ಧ. ಒಂದು ಸುತ್ತಿನಲ್ಲಿ ಎರಡು ಸಲ ಸರಿಸುತ್ತಿದ್ದೀರಿ. ಸಾಮಾನ್ಯವಾಗಿ ಹೀಗಾಗಿರುತ್ತದೆ: ಸಾಲು ಖಾಲಿಯಾ ಅಂತ ನೋಡಲು ಇಫ್ ಒಳಗೆ ಒಂದು ನೆಕ್ಸ್ಟ್‌ಲೈನ್, ಪ್ರಿಂಟ್ ಮಾಡಲು ಇನ್ನೊಂದು ನೆಕ್ಸ್ಟ್‌ಲೈನ್. ಎರಡನೆಯದು ಅದೇ ಸಾಲನ್ನು ಕೊಡುವುದಿಲ್ಲ, ಮುಂದಿನದನ್ನು ಕೊಡುತ್ತದೆ. ನಮ್ಮ ಫೈಲ್‌ನಲ್ಲಿ ಮೂರೇ ಸಾಲು ಇರುವುದರಿಂದ ಎರಡನೇ ಸುತ್ತಿನಲ್ಲಿ "ನೋ ಸಚ್ ಎಲಿಮೆಂಟ್ ಎಕ್ಸೆಪ್ಶನ್" ಅನ್ನುವ ಎರರ್ ಕೂಡ ಬರುತ್ತದೆ. ಸಾಲನ್ನು ಒಂದು ವೇರಿಯೆಬಲ್‌ಗೆ ಹಾಕಿಕೊಂಡು, ಆಮೇಲೆ ಎಲ್ಲ ಕಡೆ ಆ ವೇರಿಯೆಬಲ್ಲನ್ನೇ ಬಳಸಿ.

ಫೈಲ್ ಕಣ್ಣೆದುರಿಗೇ ಇದೆ. ಆದರೂ "ಫೈಲ್ ನಾಟ್ ಫೌಂಡ್" ಯಾಕೆ?

ಬರೀ ಹೆಸರು ಕೊಟ್ಟಾಗ ಜಾವಾ ಆ ಫೈಲನ್ನು ನಿಮ್ಮ ಕೋಡ್ ಇರುವ ಫೋಲ್ಡರ್‌ನಲ್ಲಿ ಹುಡುಕುವುದಿಲ್ಲ. ಪ್ರೋಗ್ರಾಂ ಯಾವ ಫೋಲ್ಡರ್‌ನಿಂದ ಓಡಿತೋ ಅಲ್ಲಿ ಹುಡುಕುತ್ತದೆ. ಎಕ್ಲಿಪ್ಸ್, ಇಂಟೆಲಿಜೆ ಎರಡರಲ್ಲೂ ಅದು ಸಾಮಾನ್ಯವಾಗಿ ಪ್ರಾಜೆಕ್ಟ್‌ನ ಮುಖ್ಯ ಫೋಲ್ಡರ್. ಎಸ್ಆರ್‌ಸಿ ಫೋಲ್ಡರ್ ಅಲ್ಲ. ಹೊಸಬರು ಫೈಲನ್ನು ಎಸ್ಆರ್‌ಸಿ ಒಳಗೆ, ಜಾವಾ ಫೈಲ್ ಪಕ್ಕದಲ್ಲೇ ಇಡುತ್ತಾರೆ. ಹಾಗೆ ಇಡುವುದು ಸಹಜವೇ. ಆದರೆ ಅಲ್ಲಿ ಯಾರೂ ಹುಡುಕುವುದಿಲ್ಲ.

ಊಹೆ ಮಾಡುತ್ತಾ ಕೂರಬೇಡಿ. ಫೈಲ್ ಆಬ್ಜೆಕ್ಟ್ ಮೇಲೆ ಗೆಟ್‌ಆಬ್ಸಲ್ಯೂಟ್‌ಪಾತ್() ಕರೆದು ಪ್ರಿಂಟ್ ಮಾಡಿ. ಜಾವಾ ಎಲ್ಲಿ ನೋಡುತ್ತಿದೆ ಅಂತ ಅದೇ ಹೇಳುತ್ತದೆ. ಫೈಲನ್ನು ಅಲ್ಲಿಗೆ ಎತ್ತಿಡಿ, ಕೆಲಸ ಆಯಿತು.

ಜಾಗ ಸರಿಯಿದ್ದೂ ಸಿಗದಿದ್ದರೆ ಹೆಸರು ನೋಡಿ. ವಿಂಡೋಸ್ ಫೈಲ್ ಹೆಸರಿನ ಕೊನೆಯ ಭಾಗವನ್ನು ಮೊದಲಿನಿಂದಲೇ ಅಡಗಿಸಿಟ್ಟಿರುತ್ತದೆ. ನೀವು ಹೆಸರಿಟ್ಟ ಫೈಲ್ ನಿಜದಲ್ಲಿ "ಮಾರ್ಕ್ಸ್.ಟಿಎಕ್ಸ್‌ಟಿ.ಟಿಎಕ್ಸ್‌ಟಿ" ಆಗಿರಬಹುದು. ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ "ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್" ಆನ್ ಮಾಡಿದರೆ ಗೊತ್ತಾಗುತ್ತದೆ. ಲಿನಕ್ಸ್‌ನಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ. ವಿಂಡೋಸ್ ಮನೆಯಲ್ಲಿ, ಲಿನಕ್ಸ್ ಲ್ಯಾಬ್‌ನಲ್ಲಿ ಇದ್ದವರಿಗೆ ಇದು ಚೆನ್ನಾಗಿ ಕಾಡುತ್ತದೆ.

ಪೂರ್ತಿ ಪಾತ್ ಕೊಡುವಾಗ ಬ್ಯಾಕ್‌ಸ್ಲ್ಯಾಶ್ ಮೇಲೆ ಕಣ್ಣಿಡಿ. ಸ್ಟ್ರಿಂಗ್ ಒಳಗೆ ಬ್ಯಾಕ್‌ಸ್ಲ್ಯಾಶ್ ಪಕ್ಕ ಸಣ್ಣ "ಎನ್" ಬಂದರೆ ಅದು ಹೊಸ ಸಾಲು, "ಟಿ" ಬಂದರೆ ಟ್ಯಾಬ್. ಸಣ್ಣ "ಯು" ಬಂದರೆ ಜಾವಾ ಅದನ್ನು ಯೂನಿಕೋಡ್ ಸಂಖ್ಯೆ ಅಂತ ಓದಲು ಹೋಗಿ ಕಂಪೈಲ್ ಎರರ್ ಕೊಡುತ್ತದೆ. ಅದೂ ಕಮೆಂಟ್ ಒಳಗೆ ಬರೆದಿದ್ದರೂ! ಬ್ಯಾಕ್‌ಸ್ಲ್ಯಾಶ್ ಎರಡೆರಡು ಸಲ ಹಾಕಿ, ಇಲ್ಲವೇ ಮುಂದಕ್ಕೆ ವಾಲಿದ ಸ್ಲ್ಯಾಶ್ ಬಳಸಿ. ವಿಂಡೋಸ್‌ನಲ್ಲೂ ಅದು ನಡೆಯುತ್ತದೆ.

ಅಸೈನ್‌ಮೆಂಟ್ ಕಳಿಸುವಾಗ ಮಾತ್ರ ಪೂರ್ತಿ ಪಾತ್ ಇಡಬೇಡಿ. ನಿಮ್ಮ ಲ್ಯಾಪ್‌ಟಾಪ್‌ನ ಡೆಸ್ಕ್‌ಟಾಪ್ ಮೇಷ್ಟ್ರ ಕಂಪ್ಯೂಟರ್‌ನಲ್ಲಿ ಇರುವುದಿಲ್ಲ.

ಸ್ಕ್ಯಾನರ್ ಫೈಲ್ ಬದಲು ಫೈಲ್ ಹೆಸರನ್ನೇ ಓದುತ್ತಿದೆ!

ನ್ಯೂ ಸ್ಕ್ಯಾನರ್("ಮಾರ್ಕ್ಸ್.ಟಿಎಕ್ಸ್‌ಟಿ") ಅಂತ ಬರೆದಿದ್ದೀರಿ. ಸ್ಕ್ಯಾನರ್‌ಗೆ ಸ್ಟ್ರಿಂಗ್ ಕೊಟ್ಟರೆ ಅದು ಆ ಸ್ಟ್ರಿಂಗನ್ನೇ ಓದುತ್ತದೆ. ಫೈಲ್ ಬೇಕಾದರೆ ಒಳಗೆ ನ್ಯೂ ಫೈಲ್(...) ಇರಬೇಕು. ಕಂಪೈಲ್ ಎರರ್ ಬರುವುದಿಲ್ಲವಾದ್ದರಿಂದ ಇದನ್ನು ಪತ್ತೆ ಹಚ್ಚಲು ತುಂಬ ಹೊತ್ತು ಹೋಗುತ್ತದೆ.

ನ್ಯೂ ಫೈಲ್ ಹಾಕಿದ ಮೇಲೆ ಕಂಪೈಲೇ ಆಗುತ್ತಿಲ್ಲ. "ಅನ್‌ರಿಪೋರ್ಟೆಡ್ ಎಕ್ಸೆಪ್ಶನ್" ಅಂದರೇನು?

ಫೈಲ್ ಸಿಗದೇ ಇರಬಹುದು. ಹಾಗಾದರೆ ಏನು ಮಾಡುತ್ತೀರಿ ಅಂತ ಕಂಪೈಲರ್ ಮೊದಲೇ ಕೇಳುತ್ತಿದೆ. ಇದು ನಿಮ್ಮ ತಪ್ಪಲ್ಲ, ಉತ್ತರ ಬಾಕಿ ಇದೆ ಅಷ್ಟೆ. ಎರಡು ದಾರಿ ಇವೆ. ಕಲಿಯುವಾಗ ಮೇನ್ ಮೆಥಡ್ ಮುಂದೆ "ಥ್ರೋಸ್ ಐಓಎಕ್ಸೆಪ್ಶನ್" ಅಂತ ಬರೆಯಿರಿ. ಬಳಕೆದಾರರಿಗೆ ಕೊಡುವ ಪ್ರೋಗ್ರಾಂ ಆದರೆ ಟ್ರೈ-ಕ್ಯಾಚ್ ಹಾಕಿ, ಯಾವ ಫೈಲ್ ಸಿಗಲಿಲ್ಲ ಅಂತ ಹೇಳಿ.

ಕ್ಯಾಚ್ ಒಳಗೆ ಖಾಲಿ ಬಿಡುವುದನ್ನು ಮಾತ್ರ ದಯವಿಟ್ಟು ಮಾಡಬೇಡಿ. ಎರರ್ ಬಂದರೂ ಪ್ರೋಗ್ರಾಂ ಮೌನವಾಗಿ ಮುಂದೆ ಹೋಗುತ್ತದೆ. "ಎರರ್ ಇಲ್ಲ, ಔಟ್‌ಪುಟ್ಟೂ ಇಲ್ಲ" ಅನ್ನುವವರ ಕೋಡ್ ತೆರೆದರೆ ಎಷ್ಟೋ ಸಲ ಅಲ್ಲಿ ಖಾಲಿ ಕ್ಯಾಚ್ ಇರುತ್ತದೆ.

ನೆಕ್ಸ್ಟ್‌ಇಂಟ್ ಆದ ಮೇಲೆ ನೆಕ್ಸ್ಟ್‌ಲೈನ್ ಖಾಲಿ ಸ್ಟ್ರಿಂಗ್ ಕೊಡುತ್ತದೆ. ಇದು ಜಾವಾದ ಬಗ್ ಅಲ್ವಾ?

ಅಲ್ಲ. ಮತ್ತೆ ಅದೇ ಗುರುತಿನ ಮಾತು. ನೆಕ್ಸ್ಟ್‌ಇಂಟ್ 78 ಅನ್ನು ಓದಿ, 78ರ ಪಕ್ಕದಲ್ಲೇ ನಿಲ್ಲುತ್ತದೆ. ಎಂಟರ್ ಒತ್ತಿದ್ದರಿಂದ ಬಂದ ಸಾಲಿನ ಕೊನೆ ಇನ್ನೂ ಉಳಿದಿರುತ್ತದೆ. ನೆಕ್ಸ್ಟ್‌ಲೈನ್ "ಇಲ್ಲಿಂದ ಸಾಲಿನ ಕೊನೆ ತನಕ" ಕೊಡುತ್ತದೆ. ಅಲ್ಲಿ ಏನೂ ಉಳಿದಿಲ್ಲ, ಹಾಗಾಗಿ ಖಾಲಿ.

ನಡುವೆ ಒಂದು ನೆಕ್ಸ್ಟ್‌ಲೈನ್ ಸುಮ್ನೆ ಕರೆದು ಬಿಟ್ಟುಬಿಡಿ ಅಂತ ಎಲ್ಲರೂ ಹೇಳುತ್ತಾರೆ. ಅದು ನಡೆಯುತ್ತದೆ. ಆದರೆ ನನ್ನ ಅಭಿಪ್ರಾಯದಲ್ಲಿ ಎರಡನ್ನೂ ಬೆರೆಸದೇ ಇರುವುದೇ ವಾಸಿ. ಯಾವಾಗಲೂ ಪೂರ್ತಿ ಸಾಲು ಓದಿ, ಆಮೇಲೆ ಸಾಲನ್ನು ಒಡೆಯಿರಿ. ಆಗ ಗುರುತು ಯಾವಾಗಲೂ ಸಾಲಿನ ಶುರುವಿನಲ್ಲೇ ಇರುತ್ತದೆ.

ಇದಕ್ಕೆ ಇನ್ನೊಂದು ಕಾರಣವೂ ಇದೆ. ನಾಳೆ ಯಾರೋ "ರಮ್ಯ ಭಟ್ 78" ಅಂತ ಬರೆಯುತ್ತಾರೆ. ನೆಕ್ಸ್ಟ್ (ಒಂದು ಪದ ಓದುವುದು) ಆದ ಮೇಲೆ ನೆಕ್ಸ್ಟ್‌ಇಂಟ್ ಅಂತ ಓದುವ ಕೋಡ್ "ಭಟ್" ಹತ್ತಿರ ಮುಗ್ಗರಿಸುತ್ತದೆ, ಅದು ಸಂಖ್ಯೆ ಅಲ್ಲವಲ್ಲ. ಪೂರ್ತಿ ಸಾಲು ಕೈಯಲ್ಲಿದ್ದರೆ ಲಾಸ್ಟ್‌ಇಂಡೆಕ್ಸ್‌ಆಫ್(' ') ಬಳಸಿ ಕೊನೆಯ ಸ್ಪೇಸ್ ಹುಡುಕಬಹುದು. ಅದರ ಹಿಂದಿನದು ಹೆಸರು, ಮುಂದಿನದು ಅಂಕ:

ಇಂಟ್ ಜಾಗ = ಸಾಲು.ಲಾಸ್ಟ್‌ಇಂಡೆಕ್ಸ್‌ಆಫ್(' ');
ಸ್ಟ್ರಿಂಗ್ ಹೆಸರು = ಸಾಲು.ಸಬ್‌ಸ್ಟ್ರಿಂಗ್(0, ಜಾಗ);
ಇಂಟ್ ಅಂಕ = ಇಂಟೀಜರ್.ಪಾರ್ಸ್‌ಇಂಟ್(ಸಾಲು.ಸಬ್‌ಸ್ಟ್ರಿಂಗ್(ಜಾಗ + 1));

ಫೈಲ್ ಕೊನೆಯ ಖಾಲಿ ಸಾಲಿನಲ್ಲಿ ಪ್ರೋಗ್ರಾಂ ಬೀಳುತ್ತದೆ.

ಲೂಪ್‌ನಲ್ಲಿ ಸಾಲು ಓದಿದ ಕೂಡಲೇ ಸಾಲು = ಸಾಲು.ಟ್ರಿಮ್() ಮಾಡಿ. ಸಾಲಿನ ಕೊನೆಗೆ ಕಾಣದ ಸ್ಪೇಸ್ ಇದ್ದರೂ ಪಾರ್ಸ್‌ಇಂಟ್ ಒಪ್ಪುವುದಿಲ್ಲ. ಟ್ರಿಮ್ ಆದ ಮೇಲೆ ಖಾಲಿಯಾಗಿದ್ದರೆ ಕಂಟಿನ್ಯೂ ಹಾಕಿ. ಕಂಟಿನ್ಯೂ ಈ ಸುತ್ತನ್ನು ಮಾತ್ರ ಬಿಟ್ಟು ಮುಂದಿನದಕ್ಕೆ ಹೋಗುತ್ತದೆ. ಬ್ರೇಕ್ ಹಾಕಿದರೆ ಲೂಪೇ ಮುಗಿಯುತ್ತದೆ, ಆಗ ನಡುವೆ ಒಂದು ಖಾಲಿ ಸಾಲಿದ್ದರೆ ಅದರ ಕೆಳಗಿನವರ ಅಂಕವೆಲ್ಲ ಬಿಟ್ಟುಹೋಗುತ್ತದೆ.

ಅಂಕದ ಜಾಗದಲ್ಲಿ "ಗೈರು" ಅಂತ ಇದ್ದರೆ "ನಂಬರ್ ಫಾರ್ಮ್ಯಾಟ್ ಎಕ್ಸೆಪ್ಶನ್" ಬರುತ್ತದೆ. ಅದನ್ನು ಲೂಪ್ ಒಳಗೇ ಹಿಡಿಯಿರಿ. ಸಾಲಿನ ಸಂಖ್ಯೆ ಸಮೇತ ಒಂದು ಸಂದೇಶ ಪ್ರಿಂಟ್ ಮಾಡಿ ಮುಂದೆ ಹೋಗಿ. ಫೈಲ್ ದೊಡ್ಡದಾದಾಗ ಆ ಸಾಲಿನ ಸಂಖ್ಯೆಯ ಬೆಲೆ ಗೊತ್ತಾಗುತ್ತದೆ.

ಒಟ್ಟು ಸರಿ ಬರುತ್ತದೆ, ಸರಾಸರಿ ತಪ್ಪು ಬರುತ್ತದೆ.

78, 64, 91 ಕೂಡಿದರೆ 233. ಅದನ್ನು 3ರಿಂದ ಭಾಗಿಸಿದರೆ 77.67 ಹತ್ತಿರ ಬರಬೇಕು. ಜಾವಾ 77 ಕೊಡುತ್ತದೆ. ಎರಡೂ ಇಂಟ್ (ಪೂರ್ಣಾಂಕ) ಆದರೆ ಉತ್ತರವೂ ಇಂಟ್, ದಶಮಾಂಶ ಬಿದ್ದುಹೋಗುತ್ತದೆ. ಉತ್ತರವನ್ನು ಡಬಲ್ (ದಶಮಾಂಶ) ವೇರಿಯೆಬಲ್‌ಗೆ ಹಾಕಿದರೂ 77.0 ಅಷ್ಟೆ. ಭಾಗಿಸುವ ಮೊದಲೇ (ಡಬಲ್) ಒಟ್ಟು / ಎಣಿಕೆ ಅಂತ ಬದಲಿಸಬೇಕು.

ಫೈಲ್ ಖಾಲಿ ಇದ್ದರೆ ಎಣಿಕೆ 0. ಇಂಟ್ ಆದರೆ ಎಕ್ಸೆಪ್ಶನ್ ಬರುತ್ತದೆ, ಡಬಲ್ ಆದರೆ "ಎನ್ಎಎನ್" (ಸಂಖ್ಯೆ ಅಲ್ಲ) ಅಂತ ಬರುತ್ತದೆ. ಭಾಗಿಸುವ ಮೊದಲು ನೋಡಿಕೊಳ್ಳಿ.

ಒಟ್ಟು ಕೂಡ ತಪ್ಪಿದ್ದರೆ, ಬರೀ ಕೊನೆಯವರ ಅಂಕ ಬರುತ್ತಿದ್ದರೆ, "ಒಟ್ಟು = 0" ಲೂಪ್ ಒಳಗೆ ಕೂತಿರುತ್ತದೆ. ಅದನ್ನು ಲೂಪ್‌ಗಿಂತ ಮೇಲೆ ಇಡಿ. ಅತಿ ಹೆಚ್ಚು ಹುಡುಕುವಾಗಲೂ ಶುರುವಿನ ಬೆಲೆ ನೋಡಿ. ಅಂಕಗಳಿಗೆ 0 ನಡೆಯುತ್ತದೆ. ಸೊನ್ನೆಗಿಂತ ಕೆಳಗಿನ ತಾಪಮಾನಗಳೇ ಇರುವ ಫೈಲ್ ಆದರೆ ಉತ್ತರ 0 ಅಂತಲೇ ಬರುತ್ತದೆ, ಆ ಸೊನ್ನೆ ಫೈಲ್‌ನಲ್ಲಿ ಇರುವುದೇ ಇಲ್ಲ. ಮೊದಲ ಸಾಲಿನ ಬೆಲೆಯಿಂದ ಶುರು ಮಾಡಿ.

ಹೆಸರು ಒಂದೇ ಇದ್ದರೂ "==" ತಪ್ಪು ಅನ್ನುತ್ತದೆ.

ಸ್ಟ್ರಿಂಗ್ ಹೋಲಿಸಲು ಈಕ್ವಲ್ಸ್ ಬಳಸಿ. "==" ಎರಡೂ ಒಂದೇ ಆಬ್ಜೆಕ್ಟಾ ಅಂತ ನೋಡುತ್ತದೆ, ಅಕ್ಷರಗಳನ್ನು ನೋಡುವುದಿಲ್ಲ. ಕೋಡ್‌ನಲ್ಲೇ ಬರೆದ ಎರಡು ಒಂದೇ ಥರದ ಸ್ಟ್ರಿಂಗ್‌ಗಳನ್ನು ಜಾವಾ ಹಂಚಿಕೊಂಡು ಬಳಸುವುದರಿಂದ ಅಲ್ಲಿ "==" ಸರಿ ಅನಿಸುತ್ತದೆ. ಫೈಲ್‌ನಿಂದ ಓದಿದ ಸ್ಟ್ರಿಂಗ್ ಬೇರೆ ಆಬ್ಜೆಕ್ಟ್. ಪರೀಕ್ಷೆ ಮಾಡಿದಾಗ ನಡೆದದ್ದು ಫೈಲ್ ಬಂದಾಗ ಕೆಡುವುದು ಇದಕ್ಕೇ.

ಎರಡನೇ ಸಲ ಲೂಪ್ ಹಾಕಿದರೆ ಫೈಲ್‌ನಿಂದ ಏನೂ ಬರುವುದಿಲ್ಲ.

ಮೊದಲ ಲೂಪ್ ಮುಗಿದಾಗ ಗುರುತು ಫೈಲ್‌ನ ಕೊನೆಗೆ ಬಂದಿರುತ್ತದೆ. ಅದು ತಾನಾಗಿ ಮೇಲಕ್ಕೆ ಹೋಗುವುದಿಲ್ಲ. ಒಂದರೊಳಗೊಂದು ಲೂಪ್ ಹಾಕಿ, ಒಳಗಿನದರಲ್ಲಿ ಫೈಲ್ ಓದಿದರೂ ಇದೇ ಕಥೆ: ಹೊರಗಿನ ಮೊದಲ ಸುತ್ತಿನಲ್ಲೇ ಫೈಲ್ ಮುಗಿದಿರುತ್ತದೆ.

ಹೊಸ ಸ್ಕ್ಯಾನರ್ ಮಾಡಿ ಮತ್ತೆ ತೆರೆಯಬಹುದು. ಆದರೆ ಒಂದೇ ಸಲ ಓದಿ ಅರೇಲಿಸ್ಟ್‌ಗೆ ಹಾಕಿಕೊಳ್ಳುವುದು ಉತ್ತಮ. ಆಮೇಲೆ ಎಷ್ಟು ಸಲ ಬೇಕಾದರೂ ತಿರುಗಿ. ಸರಾಸರಿಗಿಂತ ಮೇಲಿರುವವರ ಪಟ್ಟಿ ಬೇಕು ಅಂದರೆ ಹೀಗೇ ಮಾಡಬೇಕಾಗುತ್ತದೆ, ಸರಾಸರಿ ತಿಳಿಯುವ ಹೊತ್ತಿಗೆ ಎಲ್ಲ ಸಾಲೂ ದಾಟಿ ಹೋಗಿರುತ್ತವೆ.

ಆ ಲಿಸ್ಟ್ ಮೇಲೆ ಫಾರ್-ಈಚ್ ಓಡಿಸುತ್ತಾ ಒಳಗೇ ರಿಮೂವ್ ಮಾಡಬೇಡಿ, "ಕನ್‌ಕರೆಂಟ್ ಮಾಡಿಫಿಕೇಶನ್ ಎಕ್ಸೆಪ್ಶನ್" ಬರುತ್ತದೆ. ರಿಮೂವ್‌ಇಫ್ ಬಳಸಿ.

ಸ್ಕ್ಯಾನರ್, ಬಫರ್ಡ್‌ರೀಡರ್, ಫೈಲ್ಸ್: ಯಾವುದನ್ನು ಕಲಿಯಲಿ?

ಮೂರನ್ನೂ ಓದಿ ಅರ್ಥ ಮಾಡಿಕೊಳ್ಳುವಷ್ಟಾದರೂ ಕಲಿಯಿರಿ. ಬರೆಯಲು ಒಂದನ್ನು ಆರಿಸಿಕೊಳ್ಳಿ.

ಸ್ಕ್ಯಾನರ್ ಹೊಸಬರಿಗೆ ಸುಲಭ. ಆದರೆ ನಿಧಾನ. ಬಫರ್ಡ್‌ರೀಡರ್ ವೇಗವಾಗಿದೆ, ಪೂರ್ತಿ ಸಾಲುಗಳನ್ನು ಕೊಡುತ್ತದೆ. ಅದರ ಲೂಪ್ ನೋಡಿ:

ವೈಲ್ ((ಸಾಲು = ಓದುಗ.ರೀಡ್‌ಲೈನ್()) != ನಲ್)

ಇಲ್ಲಿ ಕೇಳುವುದು, ಸರಿಸುವುದು ಎರಡೂ ಒಂದೇ ಕಡೆ ಆಗುತ್ತಿದೆ. ರೀಡ್‌ಲೈನ್ ಗುರುತನ್ನು ಸರಿಸುತ್ತದೆ. ಫೈಲ್ ಮುಗಿದಿದ್ದರೆ ನಲ್ ಕೊಡುತ್ತದೆ. ಅದಕ್ಕೇ ಲೂಪ್ ಒಳಗೆ ಮತ್ತೆ ರೀಡ್‌ಲೈನ್ ಕರೆಯಬಾರದು. ಒಳಗಿನ ಜೋಡಿ ಬ್ರಾಕೆಟ್ ಬಿಟ್ಟರೆ ಕಂಪೈಲ್ ಆಗುವುದಿಲ್ಲ.

ಫೈಲ್ಸ್.ರೀಡ್‌ಆಲ್‌ಲೈನ್ಸ್ ಎಲ್ಲ ಸಾಲುಗಳನ್ನೂ ಒಂದೇ ಏಟಿಗೆ ಲಿಸ್ಟ್ ಮಾಡಿ ಕೊಡುತ್ತದೆ. 2011ರ ಜಾವಾ 7ರಲ್ಲಿ ಬಂದದ್ದು. ಒಂದು ತರಗತಿಯ ಅಂಕಪಟ್ಟಿಗೆ ನಾನು ಇದನ್ನೇ ಬಳಸುತ್ತೇನೆ. ಫೈಲ್ ಹಲವು ಜಿಬಿ ಇದ್ದರೆ ಮೆಮೊರಿ ಸಾಲುವುದಿಲ್ಲ, ಆಗ ಬಫರ್ಡ್‌ರೀಡರ್.

ಕ್ಲೋಸ್ ಮಾಡಲೇಬೇಕಾ?

ಮಾಡಲೇಬೇಕು. ಬರೆಯುವಾಗಲಂತೂ ಕ್ಲೋಸ್ ಮರೆತರೆ ಬಫರ್‌ನಲ್ಲಿದ್ದದ್ದು ಡಿಸ್ಕ್‌ಗೆ ಹೋಗದೆ ಫೈಲ್ ಖಾಲಿ ಉಳಿಯಬಹುದು. ಟ್ರೈ ಪಕ್ಕದ ಬ್ರಾಕೆಟ್‌ನಲ್ಲೇ ಸ್ಕ್ಯಾನರ್ ಮಾಡಿದರೆ ಜಾವಾ ತಾನೇ ಮುಚ್ಚುತ್ತದೆ, ನಡುವೆ ಎರರ್ ಬಂದರೂ ಸಹ. ಇದೂ ಜಾವಾ 7ರ ಕೊಡುಗೆ. ಒಂದೇ ಅಪವಾದ: ಕೀಬೋರ್ಡ್ ಓದುವ ಸ್ಕ್ಯಾನರ್. ಅದನ್ನು ಮುಚ್ಚಿದರೆ ಸಿಸ್ಟಮ್.ಇನ್ ಕೂಡ ಮುಚ್ಚಿಹೋಗಿ, ಆ ಪ್ರೋಗ್ರಾಂ ಮುಗಿಯುವ ತನಕ ಏನನ್ನೂ ಟೈಪ್ ಮಾಡಿ ಕೊಡಲಾಗುವುದಿಲ್ಲ.

ಓದುತ್ತಿದ್ದ ಫೈಲ್‌ಗೇ ಬರೆಯಲು ಹೋದೆ, ಎಲ್ಲ ಅಳಿಸಿಹೋಯಿತು!

ನ್ಯೂ ಫೈಲ್‌ರೈಟರ್("ಮಾರ್ಕ್ಸ್.ಟಿಎಕ್ಸ್‌ಟಿ") ಅಂದ ಕ್ಷಣವೇ ಫೈಲ್ ಖಾಲಿ ಆಗುತ್ತದೆ, ಒಂದಕ್ಷರ ಬರೆಯದಿದ್ದರೂ. ಕೊನೆಗೆ ಸೇರಿಸಬೇಕಿದ್ದರೆ ಎರಡನೇ ಆರ್ಗ್ಯುಮೆಂಟ್ ಟ್ರೂ ಕೊಡಿ. ಸಾಲುಗಳನ್ನು ಬದಲಿಸಬೇಕಿದ್ದರೆ ಬೇರೆ ಹೆಸರಿನ ಫೈಲ್‌ಗೆ ಬರೆದು, ಎಲ್ಲ ಸರಿಯಾದ ಮೇಲೆ ಹೆಸರು ಬದಲಿಸಿ.

ಫೈಲ್‌ನಲ್ಲಿ ಕನ್ನಡ ಇದೆ. ಪ್ರಶ್ನಾರ್ಥಕ ಚಿಹ್ನೆ, ಚೌಕ, ವಿಚಿತ್ರ ಅಕ್ಷರ ಬರುತ್ತವೆ.

ನಮ್ಮವರಿಗೆ ಇದು ನಿಜವಾದ ತೊಂದರೆ. ಹೆಚ್ಚಿನ ಪಾಠಗಳಲ್ಲಿ ಇದರ ಮಾತೇ ಇರುವುದಿಲ್ಲ. ಬಿಡಿಸಿ ನೋಡೋಣ.

ಫೈಲ್‌ನಲ್ಲಿ ಅಕ್ಷರ ಇರುವುದಿಲ್ಲ, ಬೈಟ್ ಇರುತ್ತವೆ. ಅಕ್ಷರಗಳನ್ನು ಬೈಟ್ ಆಗಿಸುವ ಯುಟಿಎಫ್-8 ಅನ್ನುವ ಪದ್ಧತಿಯಲ್ಲಿ (ಇಂಥ ಪದ್ಧತಿಯೇ ಎನ್ಕೋಡಿಂಗ್) ಕನ್ನಡದ ಒಂದೊಂದು ಯೂನಿಕೋಡ್ ಗುರುತಿಗೂ 3 ಬೈಟ್. ಬರೆದವರು ಯುಟಿಎಫ್-8 ಬಳಸಿ, ಓದುವವರು ಬೇರೆ ಲೆಕ್ಕದಲ್ಲಿ ಓದಿದರೆ ವಿಚಿತ್ರ ಅಕ್ಷರಗಳು ಬರುತ್ತವೆ. 2022ರ ಜಾವಾ 18ಕ್ಕೂ ಮೊದಲು ಸ್ಕ್ಯಾನರ್, ಫೈಲ್‌ರೀಡರ್ ಇವು ಕಂಪ್ಯೂಟರ್‌ನ ಸೆಟ್ಟಿಂಗ್ ನೋಡಿ ಓದುತ್ತಿದ್ದವು. ವಿಂಡೋಸ್‌ನಲ್ಲಿ ಅದು ಸಾಮಾನ್ಯವಾಗಿ ಯುಟಿಎಫ್-8 ಆಗಿರುತ್ತಿರಲಿಲ್ಲ. ಜಾವಾ 18ರಿಂದ ಎಲ್ಲ ಕಡೆ ಯುಟಿಎಫ್-8. ಹಳೆಯ ಜಾವಾ ಇದ್ದರೆ ಸ್ಕ್ಯಾನರ್‌ಗೆ ಎರಡನೇ ಆರ್ಗ್ಯುಮೆಂಟ್ ಆಗಿ "ಯುಟಿಎಫ್-8" ಅಂತ ನೀವೇ ಹೇಳಿ.

ಓದಿದ್ದು ಸರಿಯಿದ್ದು, ತೋರಿಸುವುದು ಮಾತ್ರ ಕೆಟ್ಟಿರಬಹುದು. ವಿಂಡೋಸ್‌ನ ಕಪ್ಪು ಕಮಾಂಡ್ ಕಿಟಕಿ ಕನ್ನಡವನ್ನು ಸರಿಯಾಗಿ ತೋರಿಸದೇ ಇರಬಹುದು. ಪರೀಕ್ಷಿಸಲು ಓದಿದ ಹೆಸರಿನ ಲೆಂತ್() ಪ್ರಿಂಟ್ ಮಾಡಿ. "ಕನ್ನಡ" ಅನ್ನುವುದಕ್ಕೆ 5 ಬರಬೇಕು: ಕ, ನ, ಒತ್ತಕ್ಷರ ಮಾಡುವ ಹಲಂತ ಚಿಹ್ನೆ, ನ, ಡ. ಕಣ್ಣಿಗೆ ಮೂರು ಅಕ್ಷರ ಕಂಡರೂ ಜಾವಾಗೆ ಐದು. 15 ಬಂದರೆ ಬೈಟ್‌ಗಳನ್ನೇ ಅಕ್ಷರ ಅಂತ ಓದಿದೆ, ಅಂದರೆ ಎನ್ಕೋಡಿಂಗ್ ತಪ್ಪಿದೆ. ಇದೇ ಕಾರಣಕ್ಕೆ ಲೂಪ್ ಹಾಕಿ ಚಾರ್‌ಆಟ್(ಐ) ಮೂಲಕ ಕನ್ನಡ ಪದವನ್ನು ತಿರುಗಿಸಲು ಹೋದರೆ ಒತ್ತಕ್ಷರ, ಗುಣಿತ ಎಲ್ಲ ಕಲಸಿಹೋಗುತ್ತವೆ.

ಮೊದಲ ಸಾಲಿನ ರಮ್ಯ ಮಾತ್ರ ಈಕ್ವಲ್ಸ್‌ನಲ್ಲೂ ಸಿಗುತ್ತಿಲ್ಲವೇ? ಫೈಲ್‌ನ ಆರಂಭದಲ್ಲಿ ಬಿಓಎಂ ಅನ್ನುವ ಕಾಣದ ಗುರುತು ಇರಬಹುದು. ಎಕ್ಸೆಲ್‌ನಿಂದ "ಸಿಎಸ್‌ವಿ ಯುಟಿಎಫ್-8" ಅಂತ ಉಳಿಸಿದರೆ ಅದು ಸೇರಿಕೊಳ್ಳುತ್ತದೆ. ಟ್ರಿಮ್ ಅದನ್ನು ತೆಗೆಯುವುದಿಲ್ಲ. ನೋಟ್‌ಪ್ಯಾಡ್‌ನಲ್ಲಿ ತೆರೆದು, ಬಿಓಎಂ ಇಲ್ಲದ ಯುಟಿಎಫ್-8 ಆಗಿ ಮತ್ತೆ ಸೇವ್ ಮಾಡಿ.

ಕೊನೆಯದಾಗಿ, ಹಳೆಯ ನುಡಿ ಅಥವಾ ಬರಹದ ಫಾಂಟ್‌ನಲ್ಲಿ ಟೈಪ್ ಮಾಡಿದ ಕಡತ. ಅದರಲ್ಲಿ ಯೂನಿಕೋಡ್ ಕನ್ನಡವೇ ಇಲ್ಲ. ಇಂಗ್ಲಿಷ್ ಅಕ್ಷರಗಳ ಮೇಲೆ ಕನ್ನಡದ ಆಕಾರ ಕೂರಿಸಿರುತ್ತಾರೆ. ಜಾವಾದಲ್ಲಿ ಏನು ಸೆಟ್ಟಿಂಗ್ ಮಾಡಿದರೂ ಸರಿಯಾಗುವುದಿಲ್ಲ. ಮೊದಲು ಯೂನಿಕೋಡ್‌ಗೆ ಪರಿವರ್ತನೆ ಮಾಡಿಸಿಕೊಂಡು, ಆಮೇಲೆ ಓದಿ.

ನೆಟ್‌ನಲ್ಲಿ ಸಿಕ್ಕ ಕೋಡ್ ನನ್ನ ಕಂಪ್ಯೂಟರ್‌ನಲ್ಲಿ ಕಂಪೈಲ್ ಆಗುವುದಿಲ್ಲ.

ಕಮಾಂಡ್ ಕಿಟಕಿಯಲ್ಲಿ "ಜಾವಾ -ವರ್ಷನ್" ಕೊಟ್ಟು ನೋಡಿ. 1.8 ಅಂತ ಬಂದರೆ ಅದೇ ಜಾವಾ 8. ಅದರಲ್ಲಿ ಫೈಲ್ಸ್.ರೀಡ್‌ಸ್ಟ್ರಿಂಗ್, ಪಾತ್.ಆಫ್, ಇಸ್‌ಬ್ಲಾಂಕ್ ಇರುವುದಿಲ್ಲ, ಅವು 2018ರ ಜಾವಾ 11ರಲ್ಲಿ ಬಂದವು. ಪಾತ್.ಆಫ್ ಬದಲು ಪಾತ್ಸ್.ಗೆಟ್, ಇಸ್‌ಬ್ಲಾಂಕ್ ಬದಲು ಟ್ರಿಮ್ ಮಾಡಿ ಇಸ್‌ಎಂಪ್ಟಿ ಬಳಸಿ. ಕ್ಲಾಸ್ ಇಲ್ಲದೇ ಬರೀ "ವಾಯ್ಡ್ ಮೇನ್()" ಅಂತ ಶುರುವಾಗುವ ಪುಟ್ಟ ಪ್ರೋಗ್ರಾಂ ಕಂಡರೆ ಅದು 2025ರ ಜಾವಾ 25ರ ಶೈಲಿ. ಮನೆಯಲ್ಲಿ ಹೊಸದನ್ನು ಹಾಕಿಕೊಳ್ಳಿ. ಆದರೆ ಪ್ರಾಕ್ಟಿಕಲ್ ಪರೀಕ್ಷೆ ಇರುವವರು ಲ್ಯಾಬ್‌ನಲ್ಲಿರುವ ಜಾವಾದಲ್ಲೂ ಒಮ್ಮೆ ಓಡಿಸಿ ನೋಡಿ.